ಬಸ್ಸಿಗೆ ನಾನೇ ಗುದ್ದಿದ್ದು

ಪುಟ್ಟಮಾದಮ್ಮ ಕೋಂ ಚಿಕ್ಕಮಾದಯ್ಯ, 57 ವರ್ಷ, ವ್ಯವಸಾಯ, ವಾಸ ಹೊಸಕೊಪ್ಪಲು ಗ್ರಾಮ, ಗಾವಡಗೆರೆ ಹೋಬಳಿ, ಹುಣಸೂರು ತಾಲ್ಲೂಕು. ಈ ದಿನ ಬೆಳಿಗ್ಗೆ 10-30ಕ್ಕೆ ಯಾರೂ ಕರೆಯದೆ ನಾನಾಗಿ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ,

ನಮಗೆ ಊರ ಮುಂದೆ ಒಂದು ಎಕರೆ ಹುರುಳಿ ಹೊಲವಿದೆ. ಒಕ್ಕಣೆಗೆ ಕಣ ಮಾಡುವುದನ್ನು ಬಿಟ್ಟು ಎಂಟು ವರ್ಷವಾಯಿತು. ಊರಿನವರೆಲ್ಲರಂತೆ ನಾವೂ ಹುರುಳಿ ಗಿಡವನ್ನು ಟಾರು ರಸ್ತೆಗೆ ಹರಡುತ್ತೇವೆ. ಗಾಡಿಗಳು ಅದರ ಮೇಲೆ ಓಡಾಡಿ ಕಾಳು ಉದುರುತ್ತದೆ. ಹೀಗೆ ಮಾಡಬಾರದೆಂದು ರಸ್ತೆ ಬದಿಯಲ್ಲಿ ಬೋರ್ಡು ಹಾಕಿದ್ದಾರೆ. ನಾನು ಖಾಲಿ ಚೀಲ ನೇತುಹಾಕುವುದು ಆ ಬೋರ್ಡಿಗೇ.

ದಿನಾಂಕ 03-01-2025ರ ಶುಕ್ರವಾರ ಬೆಳಿಗ್ಗೆ 8 ಗಂಟೆಗೆ ನಾನು ಮತ್ತು ನನ್ನ ಗಂಡ ರಸ್ತೆಯಲ್ಲಿ ಹುರುಳಿ ಹರಡಿದೆವು. 11-20ಕ್ಕೆ ಸಾರಿಗೆ ಬಸ್ಸು ಬರುತ್ತದೆ. ಅದರ ಚಾಲಕ ಹುಣಸೂರು ಟೌನಿನ ಸೊಹೈಲ್ ನನಗೆ ಎರಡು ವರ್ಷದಿಂದ ಪರಿಚಯ. ಬಸ್ಸಿನ ಒಂದೇ ಓಟಕ್ಕೆ ಎಲ್ಲ ಒಕ್ಕಲಾಗಲಿ ಎಂಬ ದುರಾಸೆಯಿಂದ 11 ಗಂಟೆಗೆ ಗಿಡವನ್ನೆಲ್ಲ ನಡುರಸ್ತೆಗೆ ಎಳೆದು ಮೊಣಕಾಲುದ್ದ ಗುಡ್ಡೆ ಹಾಕಿದೆ. ನನ್ನ ಗಂಡ ಬೇಡವೆಂದರು. ಅವರ ಮಾತನ್ನು ಮದುವೆಯಾದಾಗಿನಿಂದ ನಾನು ಕೇಳಿಲ್ಲ.

ಬಸ್ಸು ಸರಿಯಾದ ಸಮಯಕ್ಕೆ ಬಂದು ಗುಡ್ಡೆಗೆ 12 ಅಡಿ ಮುಂಚೆಯೇ ನಿಂತಿತು. ಸೊಹೈಲ್ ಇಂಜಿನ್ ಆಫ್ ಮಾಡಿ ತಲೆ ಹೊರಗೆ ಹಾಕಿ, ಚಕ್ರ ಜಾರ್ತದೆ ಕಣಮ್ಮ, ಒಳಗೆ ನಲವತ್ತೆರಡು ಜನ ಅವ್ರೆ, ಸರಿಸ್ಬುಡು ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಲಾರಿಯೋರೇ ಓಡುಸ್ತಾರೆ, ನಿಂಗೇನ್ಲಾ ಬಂದದೆ ಎಂದು ಕೂಗುತ್ತಾ ಗುಡ್ಡೆ ಹತ್ತಿ ಇಳಿದು ಅವನ ಕಡೆಗೆ ಓಡಿದೆ. ಉದುರಿದ ಕಾಳಿನ ಮೇಲೆ ಕಾಲು ನಿಲ್ಲಲಿಲ್ಲ. ಜಾರಿಕೊಂಡು ಹೋಗಿ, ನಿಂತಿದ್ದ ಬಸ್ಸಿನ ಮುಂದಿನ ಕಬ್ಬಿಣಕ್ಕೆ ಬಲಗೈ ಬಡಿದು ಮೂಳೆ ಮುರಿಯಿತು. ಬಸ್ಸು ನನಗೆ ಗುದ್ದಿಲ್ಲ. ನಾನೇ ಬಸ್ಸಿಗೆ ಗುದ್ದಿದ್ದು.

ಸೊಹೈಲ್ ನನ್ನನ್ನು ಹೊಂಗೆ ಮರದ ನೆರಳಿಗೆ ಕೂರಿಸಿ ಆಂಬುಲೆನ್ಸಿಗೆ ಫೋನ್ ಮಾಡಿದ. ಬರಲು 35 ನಿಮಿಷ ಎಂದರು. ಕೈ ಹೋದ್ರೆ ಹೋಗ್ಲಿ, ನನ್ನ ಉಳ್ಳಿಕಾಳು ರೋಡಲ್ಲೇ ಅದಲ್ಲಪ್ಪ ಎಂದು ನಾನು ಗೋಳಾಡಿದೆ. ಆಗ ಕಂಡಕ್ಟರ್ ಭಾಗ್ಯ, ಇಳೀರ್ರಮ್ಮ ಎಲ್ಲಾ, ರೋಡ್ ಖಾಲಿ ಆಗ್ದೆ ಬಸ್ ಹೊರಡಕಿಲ್ಲ ಎಂದು ಜನರನ್ನು ಇಳಿಸಿದರು. ಗಂಡಸರು ಕೋಲು ಹಿಡಿದು ಗಿಡ ಬಡಿದರು. ಹೆಂಗಸರು ಸೆರಗು ಸಿಕ್ಕಿಸಿ ತೂರಿದರು. ನನ್ನ ಹತ್ತಿರ ಇದ್ದದ್ದು ಎರಡೇ ಮೊರ. ಒಬ್ಬಾಕೆ ಊಟದ ಡಬ್ಬಿಯ ಮುಚ್ಚಳದಲ್ಲೇ ಕೇರಿದಳು. ಇನ್ನೊಬ್ಬಾಕೆ ಪದ ಎತ್ತಿಕೊಂಡಳು. ನಾನು ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಗಾಳಿ ನೋಡ್ಕೊಂಡ್ ತೂರ್ರವ್ವ ಎಂದು ಕುಳಿತಲ್ಲಿಂದಲೇ ದರ್ಬಾರು ಮಾಡಿದೆ. 11-58ಕ್ಕೆ ಆಂಬುಲೆನ್ಸ್ ಬಂದಾಗ ಎರಡು ಚೀಲ ತುಂಬಿ ಬಾಯಿ ಕಟ್ಟಿಯಾಗಿತ್ತು. ನನ್ನ ಜೀವಮಾನದಲ್ಲಿ ಅಂಥ ಒಕ್ಕಣೆ ನೋಡಿಲ್ಲ. ದಾರಿಯುದ್ದಕ್ಕೂ ನಗುತ್ತಿದ್ದ ನನ್ನನ್ನು ಕಂಡು ನರ್ಸು, ತಲೆಗೂ ಏಟು ಬಿದ್ದಿದೆಯಾ ಎಂದು ನನ್ನ ಗಂಡನನ್ನು ಕೇಳಿದರು.

ನಾನು ಆಸ್ಪತ್ರೆಯಲ್ಲಿದ್ದಾಗ ನನ್ನ ಮೈದುನ ಕುಳ್ಳಯ್ಯ, ಬಸ್ಸು ಅತಿ ವೇಗವಾಗಿ ಬಂದು ಗುದ್ದಿತೆಂದು ದೂರು ಬರೆಸಿದ್ದಾನೆ. ಘಟನೆಯ ಹೊತ್ತಿನಲ್ಲಿ ಅವನು ಹುಣಸೂರಿನಲ್ಲಿ ಕ್ಷೌರಕ್ಕೆ ಕುಳಿತಿದ್ದ. ಪರಿಹಾರದ ಕೇಸು ಗೆದ್ರೆ ಎರಡು ಸೀಮೆ ಅಸ ಬತ್ತವೆ, ಸುಮ್ಕಿರು ಅತ್ಗೆ ಎಂದ. ನಾನು ಮೂರು ದಿನ ಸುಮ್ಮನಿದ್ದೆ. ಹಸುಗಳಿಗೆ ಮನಸ್ಸಿನಲ್ಲೇ ಹೆಸರನ್ನೂ ಇಟ್ಟಿದ್ದೆ. ನಾಚಿಕೆಯಾಗುತ್ತದೆ, ಅದನ್ನೂ ಬರೆದುಕೊಳ್ಳಿ.

07-01-2025ರ ಸಂಜೆ 4 ಗಂಟೆಗೆ ಒಬ್ಬ ಹೆಂಗಸು ನಮ್ಮ ಮನೆಗೆ ಬಂದು, ತಾನು ಸೊಹೈಲನ ತಾಯಿ ಬಷೀರಾಬಿ ಎಂದರು. ಜಗಳಕ್ಕೆ ಬಂದರೆಂದು ನಾನು ಸೊಂಟ ಕಟ್ಟಿ ಕುಳಿತೆ. ಅವರು ಕರವಸ್ತ್ರದ ಗಂಟು ಬಿಚ್ಚಿದರು. ಒಳಗೆ ಅರ್ಧ ಪಾವಿನಷ್ಟು ಹುರುಳಿ. ಜನರ ಚಪ್ಪಲಿಗೆ ಅಂಟಿ ಬಸ್ಸಿನೊಳಕ್ಕೆ ಹೋಗಿದ್ದ ಕಾಳನ್ನು ಸೊಹೈಲ್ ಡಿಪೋದಲ್ಲಿ ಗುಡಿಸಿ, ಕಲ್ಲು ಆರಿಸಿ, ಇದು ಪುಟ್ಟಮಾದಮ್ಮೋರ್ದು, ಕೊಟ್ಟು ಬಾ ಎಂದು ಕಳಿಸಿದ್ದ. ಅವನೇಕೆ ಬರಲಿಲ್ಲ ಎಂದಾಗ, ದೂರು ಬಂದ ಮೇಲೆ ಬಸ್ಸು ಕೊಟ್ಟಿಲ್ಲ, ಕೆಲಸ ಹೋದೀತೆಂದು ಮನೆಯಲ್ಲೇ ಕೂತವ್ನೆ ಎಂದರು. ಕೇಸಿನ ಮಾತೇ ಎತ್ತದೆ, ಕೈ ಜೋಪಾನ ಕಣ್ರೀ ಎಂದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಆ ಎರಡು ಹಸುಗಳೂ ಅಲ್ಲೇ ನನ್ನ ತಲೆಯಿಂದ ಎದ್ದು ಹೋದವು.

ಆದ್ದರಿಂದ ನನಗೆ ಯಾವ ಕೇಸೂ ಬೇಡ. ಸೊಹೈಲನದು ಎಳ್ಳಷ್ಟೂ ತಪ್ಪಿಲ್ಲ. ರಸ್ತೆಗೆ ಹುರುಳಿ ಹರಡಿದ್ದಕ್ಕೆ ನನಗೇ ದಂಡ ಹಾಕಿ. ನನ್ನ ಗಂಡ ಹೇಳಿದಂತೆ ಮನೆ ಹಿಂದೆ ಕಣ ಮಾಡಿ ಸಗಣಿ ಸಾರಿಸಿದ್ದೇವೆ. ತಮ್ಮ ಮಾತು ಒಂದಾದರೂ ನಡೆಯಿತೆಂದು ಅವರು ಬೀಗುವುದನ್ನು ನೋಡಲಾಗುತ್ತಿಲ್ಲ. ಬಷೀರಾಬಿ ತಂದ ಕಾಳಿನಲ್ಲಿ ಸಾರು ಮಾಡಿ ತಂದಿದ್ದೇನೆ, ಇಲ್ಲಿಂದ ನೇರ ಅವರ ಮನೆಗೆ ಹೋಗುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದೆ. ಹೇಳಿದ್ದೆಲ್ಲ ಸತ್ಯ, ನನ್ನದೇ ಮಾತು. ನನಗೆ ಸಹಿ ಬರುತ್ತದೆ, ಆದರೆ ಬಲಗೈ ಕಟ್ಟಿನಲ್ಲಿರುವುದರಿಂದ ಎಡಗೈ ಹೆಬ್ಬೆಟ್ಟು ಒತ್ತಿದ್ದೇನೆ. ಕಟ್ಟು ಬಿಚ್ಚಿದ ದಿನ 11-20ರ ಬಸ್ಸು ಹತ್ತಿ ಬಂದು ಸಹಿಯನ್ನೂ ಹಾಕುತ್ತೇನೆ. ಅಷ್ಟರೊಳಗೆ ಆ ಬಸ್ಸನ್ನು ಸೊಹೈಲನ ಕೈಗೆ ಕೊಡಿಸಬೇಕು. ಬೇರೆಯವರು ಓಡಿಸಿದರೆ ನಾನು ಹತ್ತುವುದಿಲ್ಲ.

ಸ್ಥಳ: ಹುಣಸೂರು
ದಿನಾಂಕ: 09-01-2025
ಪುಟ್ಟಮಾದಮ್ಮ (ಎಡಗೈ ಹೆಬ್ಬೆಟ್ಟಿನ ಗುರುತು)