ದುರ್ಗಾಳ ಕುಸ್ತಿಗೆ ಇಂಗ್ಲಿಷಿನ ಹೆಸರು

ಈ ಸನ್ಮಾನ ಸಮಾರಂಭದ ಅಧ್ಯಕ್ಷರೂ ನಮ್ಮ ಶಾಲಾ ಸಮಿತಿಯ ಹಿರಿಯರೂ ಆದ ಹುಲಿಗೆಪ್ಪನವರೇ, ರಾಜ್ಯಮಟ್ಟದ ಕುಸ್ತಿಯಲ್ಲಿ ಚಿನ್ನ ಗೆದ್ದು ತಿರ್ಲಾಪುರಕ್ಕೆ ಮರಳಿರುವ ನಮ್ಮ ದುರ್ಗಾ, ಆಕೆಯ ತಾಯಿ ಹನಮವ್ವನವರೇ, ಕರೆಂಟು ಹೋದರೂ ಎದ್ದು ಹೋಗದ ಸಭಿಕರೇ,

ಇಂಗ್ಲಿಷ್ ಮಾಸ್ತರನಾದ ನಾನು ಕುಸ್ತಿಯ ಬಗ್ಗೆ ಏನು ಮಾತಾಡಲಿ? ನನ್ನ ಅಪ್ಪ ಪೈಲ್ವಾನ. ನಾನು ಮಾತ್ರ ಗರಡಿಮನೆಯ ಹೊಸ್ತಿಲು ದಾಟಲಿಲ್ಲ. ಬೀಳುವ ಹೆದರಿಕೆ! ಆ ಹೆದರಿಕೆಯೇ ನನ್ನಿಂದ ಇಂಗ್ಲಿಷ್ ಎಂ.ಎ. ಮಾಡಿಸಿತು. ಅದಿರಲಿ.

ದುರ್ಗಾ ಆಗ ಒಂಬತ್ತನೇ ತರಗತಿ. ಕ್ರೀಡಾ ಹಾಸ್ಟೆಲ್ಲಿಗೆ ಆಕೆಯ ಆಯ್ಕೆ ಇನ್ನೇನು ಆಗಬೇಕು, ಅಷ್ಟರಲ್ಲಿ ಹುಲಿಗೆಪ್ಪನವರು ಮಗ ಮಾಂತೇಶ ಬಿಚ್ಚಿದ ಅಂಗಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಅವನನ್ನೂ ಎಳೆದುಕೊಂಡು ಶಾಲೆಗೆ ಬಂದರು. ಬಿಳಿ ಅಂಗಿ, ಬೆನ್ನ ತುಂಬ ಎರೆಮಣ್ಣು.

“ಹತ್ತಿ ಹೊಲದಾಗ ನನ್ನ ಮಗನ್ನ ಕೆಡವಿ ಹೊಡದಾಳ್ರಿ. ಹಾಸ್ಟೆಲ್ಲಿನವ್ರಿಗೆ ಬರದು ತಿಳಸ್ರಿ!”

ಅಧ್ಯಕ್ಷರೇ, ಈಗ ನಗುತ್ತಿದ್ದೀರಿ, ಅವತ್ತು ನಕ್ಕಿರಲಿಲ್ಲ.

ಹಾಸ್ಟೆಲ್ಲಿನ ಕೋಚ್ ಹರಿಯಾಣದವರು, ಇಂಗ್ಲಿಷಿನಲ್ಲೇ ಬರೆಯಬೇಕು. ಹೆಡ್‌ಮಾಸ್ತರರು ಪೆನ್ನು ನನ್ನ ಕೈಗಿತ್ತರು. ಯಾವ ಪದ ಬರೆಯಲಿ? ‘ಅಸಾಲ್ಟ್’ ಎಂದರೆ ಒಬ್ಬರು ಹೊಡೆದರು, ಇನ್ನೊಬ್ಬರು ಹೊಡೆಸಿಕೊಂಡರು. ಹುಡುಗಿಯ ಹಾಸ್ಟೆಲ್ ಅಲ್ಲಿಗೇ ಮುಗಿಯಿತು. ‘ಬ್ರಾಲ್’ ಎಂದರೆ ಕುಡಿದವರ ಹೊಡೆದಾಟ. ‘ಸ್ಕಫಲ್’ ಎಂದರೆ ನವಲಗುಂದದ ಬಸ್ಸಿನಲ್ಲಿ ಸೀಟಿಗಾಗಿ ನಡೆಯುವ ಎಳೆದಾಟ. ‘ಫೈಟ್’? ಅದು ನಮ್ಮ ಮನೆಯಲ್ಲೂ ನಡೆಯುತ್ತದೆ, ಯಾರೂ ಪದಕ ಕೊಟ್ಟಿಲ್ಲ. ಯಾವುದನ್ನು ಬರೆದರೂ ಅದು ಜಗಳವೇ. ಹನಮವ್ವ ಬಾಗಿಲಲ್ಲಿ ಸೆರಗು ಬಿಗಿಹಿಡಿದು ನಿಂತಿದ್ದರು.

“ಏನಾತೋ? ಖರೇ ಹೇಳು” ಎಂದು ಮಾಂತೇಶನನ್ನೇ ಕೇಳಿದೆ.

“ಹುಡಿಗ್ಯಾರದು ಏನ್ ಕುಸ್ತಿ, ಬಾ ನೋಡೂಣು ಅಂತ ನಾನ ಕರದ್ನಿರಿ ಸರ. ಆಕಿ ಮೊದಲ ಮಣ್ಣ ಮುಟ್ಟಿ ಹಣಿಗೆ ಹಚ್ಕೊಂಡ್ಳು. ನೀನೂ ಹಚ್ಕೋ ಅಂದ್ಳು. ಕೈ ಕೂಡಿಸಿದ್ಳು. ಆಮ್ಯಾಲ ನೋಡಿದ್ರ ನಾ ಆಕಾಶ ನೋಡಾಕತ್ತಿದ್ನಿ. ಆಕೀನ ನನ್ನ ಎಬ್ಬಿಸಿ ಬೆನ್ನ ಝಾಡಿಸಿದ್ಳ್ರಿ.”

ಆಮೇಲೆ ತಂದೆಯ ಕಡೆ ತಿರುಗಿದ. “ಅಪ್ಪಾ, ಆಕಿ ನನಗ ಹೊಡದಿಲ್ಲ. ನಾ ಸೋತೇನಿ.”

ಸಭಿಕರೇ, ನನ್ನ ಮೈ ಜುಮ್ಮೆಂದಿತು. ಇಷ್ಟುದ್ದದ ಹುಡುಗ, ಅಷ್ಟು ಜನರ ಎದುರು, ಹುಡುಗಿಯ ಕೈಲಿ ಸೋತೆನೆಂದು ತಲೆಯೆತ್ತಿ ಹೇಳಿದ! ಮಣ್ಣು ಹಣೆಗೆ ಹಚ್ಚಿಕೊಂಡು ಯಾರಾದರೂ ಜಗಳಕ್ಕೆ ಇಳಿಯುತ್ತಾರೆಯೇ? ಬಿದ್ದವನ ಬೆನ್ನು ಝಾಡಿಸುತ್ತಾರೆಯೇ? ನಾನು ‘ಬೌಟ್’ ಎಂದು ಬರೆದೆ. ಇಬ್ಬರೂ ಒಪ್ಪಿ, ನೇಮದಂತೆ ಹಿಡಿದ ಕುಸ್ತಿ ಎಂದು ಅದರ ಅರ್ಥ ಹೇಳಿದೆ.

ಹುಲಿಗೆಪ್ಪನವರು ಅಂಗಿಯನ್ನು ಮಡಚಿ ಬಗಲಿಗಿಟ್ಟುಕೊಂಡರು. ಆಮೇಲೆ, “ಹಂಗಾರ ಅವ ಸೋತಾನಂತನೂ ಬರೀರಿ ಸರ” ಎಂದರು.

ಬರೆದೆ. ದುರ್ಗಾ ಹಾಸ್ಟೆಲ್ಲಿಗೆ ಹೋದಳು. ಇವತ್ತು ಆಕೆಗೆ ರುಮಾಲು ಸುತ್ತಿದ್ದು ಅದೇ ಹುಲಿಗೆಪ್ಪನವರ ಕೈ.

ಆ ಪತ್ರ ಬರೆದ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ನಾನು ಅಪ್ಪನ ಗರಡಿಮನೆಯ ಹೊಸ್ತಿಲು ದಾಟಿದೆ. ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡೆ. ಎದುರಿಗೆ ಯಾರೂ ಇರಲಿಲ್ಲ, ಆದರೂ ಕುಸ್ತಿಗೆ ಕೈ ಮುಂದೆ ಚಾಚಿದೆ.

ದುರ್ಗಾಳಿಗೂ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಗುತ್ತಿರುವ ಮಾಂತೇಶನಿಗೂ, ಇಷ್ಟು ಹೊತ್ತು ನನ್ನನ್ನು ಸಹಿಸಿದ ನಿಮಗೂ ಧನ್ಯವಾದ. ನಮಸ್ಕಾರ.