ಕೊನೇ ಹಾಳೆಯ ಉಪಾಯ

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಟೈಲರಮ್ಮ ಊದಿದ ಕೆನ್ನೆ ಹಿಡಿದು ಕೂತಿದ್ದಳು. ಮೇಜಿನ ಮೇಲೆ ಸಿಕ್ಕ ಕೊಲೆ ಕಾದಂಬರಿಯಲ್ಲಿ ಮುಳುಗಿ ನೋವನ್ನೇ ಮರೆತಿದ್ದಳು. ಎದುರಿಗೆ ಗಂಡಹೆಂಡಿರಿಬ್ಬರು ಪಿಸುಗುಟ್ಟತೊಡಗಿದರು.

"ರೀ, ಅವ್ರು ಓದ್ತಿರೋದು ನಿಮ್ ಪುಸ್ತಕಾನೇ!"

"ಸುಮ್ನಿರೇ. ನಾನೇ ಇಟ್ಟಿದ್ದು. ಕೊನೇ ಹಾಳೆ ಕಿತ್ತಿದೀನಿ. ಕೊಂದೋನು ಯಾರು ಅಂತ ತಿಳೀಬೇಕಾದ್ರೆ ಅಂಗಡೀಲಿ ಕೊಂಡ್ಕೋಬೇಕು. ಪ್ರಚಾರ ಅಂದ್ರೆ ಇದು!"

"ಅಯ್ಯೋ! ನೀವು ಕೀಳ್ತಿದ್ರಿ ಅಂತ ನಾನೂ ಅಂಗಡಿಗೆ ಕಳಿಸೋ ಪುಸ್ತಕದಲ್ಲೂ ಕಿತ್ತೆನಲ್ರೀ!"

"ಎಲ್ಲದ್ರಲ್ಲೂ?"

"ಒಂದೂ ಬಿಡ್ಲಿಲ್ಲ. ನಿಮ್ಮಕ್ಕನಿಗೆ ಕೊಟ್ಟಿದ್ರಲ್ಲೂ."

"ಅಕ್ಕ ಕೊನೇ ಪುಟ ಓದಿ ಅತ್ತುಬಿಟ್ಟೆ ಅಂದ್ಲಲ್ಲೇ?"

"ಪೇಪರ್‌ನೋರೂ ಅಂತ್ಯ ಅದ್ಭುತ ಅಂತ ಬರೆದಿದ್ರಲ್ರೀ!"

ಅಷ್ಟರಲ್ಲಿ ಡಾಕ್ಟರು ಕರೆದರು. ಲೇಖಕ ಬಾಯಿ ತೆರೆದುಕೊಂಡೇ ಒಳಗೆ ಹೋದ, ಹಿಂದೆಯೇ ಹೆಂಡತಿ.

ಟೈಲರಮ್ಮ ಸರಸರನೆ ಹಾಳೆ ಮಗುಚಿ ಕೊನೆ ಮುಟ್ಟಿದಳು. ಮರೆತಿದ್ದ ಹಲ್ಲುನೋವು ಒಮ್ಮೆಲೇ ನೆತ್ತಿಗೇರಿತು.