ಹೋದ ವರ್ಷದ ಮೈಗೆ ಹೊಲಿದ ಅಂಗಿ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ವೈದ್ಯ ಮಹನೀಯರೇ, ಈ ವಾಕ್ ಚಿಕಿತ್ಸಾ ಕೇಂದ್ರದ ವಾರ್ಷಿಕೋತ್ಸವಕ್ಕೆ ತಮ್ಮ ಮನೆಯವರ ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಿರುವ ಸಭಿಕರೇ,

ನಾನು ಪ್ರಮಿಳಾ. ಖಾನಾಪುರದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮೈಕು ಸಿಕ್ಕರೆ ಇವಳು ಬಿಡುವುದಿಲ್ಲ ಎಂದು ಅಧ್ಯಕ್ಷರಿಗೆ ಯಾರೋ ಮೊದಲೇ ಹೇಳಿದಂತಿದೆ. ಗಡಿಯಾರವನ್ನು ನನ್ನ ಎದುರಿಗೇ ಇಟ್ಟಿದ್ದಾರೆ. ಇಂದು ಸನ್ಮಾನ ಇಲ್ಲಿನ ಚಿಕಿತ್ಸಕಿ ಪ್ರಾಚಿ ಅವರಿಗೆ. ಅವರ ಬಗ್ಗೆ ಹೇಳಬೇಕಾದರೆ ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಯಜಮಾನರು, ರಾಮಲಿಂಗ ಅವರ ಬಗ್ಗೆ ಹೇಳಬೇಕಾಗುತ್ತದೆ. ಅವರ ಒಪ್ಪಿಗೆ ಪಡೆದೇ ಬಂದಿದ್ದೇನೆ.

ಆಟೋ ನಗರದಲ್ಲಿ ಇವರದೂ ಗೆಳೆಯ ಪಾರೀಸ ಅವರದೂ ಕೂಡಿ ಒಂದು ಲೇತ್ ವರ್ಕ್‌ಶಾಪ್ ಇದೆ. ಪಂಪಿನ ಬಿಡಿಭಾಗ ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ. ಹಣ ಬರುವುದು ಡಾಲರಿನಲ್ಲಿ. ದರದ ಏರಿಳಿತದಿಂದ ಪೆಟ್ಟಾಗದಿರಲೆಂದು ಇವರು ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಮಾಡಿಕೊಂಡಿದ್ದರು. ಅದು ಹಿಂದಿನ ಕೆಲವು ದಿನಗಳ ಸರಾಸರಿ ದರ ನೋಡಿ ತಾನೇ ಡಾಲರ್ ಕೊಳ್ಳುತ್ತಿತ್ತು, ತಾನೇ ಮಾರುತ್ತಿತ್ತು. ಎಷ್ಟು ದಿನಗಳ ಸರಾಸರಿ ನೋಡಬೇಕು? ದರ ನಮಗೆ ವಿರುದ್ಧವಾಗಿ ಎಷ್ಟು ದೂರ ಹೋದರೆ ವ್ಯವಹಾರ ನಿಲ್ಲಿಸಬೇಕು? ಇವೇ ಅದರ ಸೆಟ್ಟಿಂಗುಗಳು. ಸಂಜೆ ಮನೆಗೆ ಬಂದರೆ ಇವರಿಗೆ ಅದೇ ಧ್ಯಾನ. ಒಂದನ್ನು ಏರಿಸುವುದು, ಇನ್ನೊಂದನ್ನು ಇಳಿಸುವುದು, ಹಳೆಯ ದರಗಳ ಮೇಲೆ ಓಡಿಸಿ ನೋಡುವುದು. "ಚಾ ಆರಾಕತ್ತೇತ್ರಿ" ಎಂದರೆ, "ಇದೊಂದು ನೋಡಿ ಬಂದೆ" ಎನ್ನುತ್ತಿದ್ದರು. ಬರುತ್ತಿದ್ದರೇ? ಈ ಸಭೆಯಲ್ಲಿರುವ ಹೆಣ್ಣುಮಕ್ಕಳಿಗೆ ಅದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ವರ್ಷದ ಕೆಳಗೆ ಇವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಎಲ್ಲ ತಿಳಿಯುತ್ತಿತ್ತು, ಶಬ್ದ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಪಾರೀಸ ಅವರು ಆಸ್ಪತ್ರೆಗೆ ಬಂದು, "ವೈನಿ, ಆ ಪ್ರೋಗ್ರಾಂ ಬಂದ್ ಮಾಡೇನಿ. ಅದರ ಚಿಂತಿ ಬಿಡ್ರಿ" ಎಂದರು. ನಿಜ ಹೇಳುತ್ತೇನೆ, ಆ ದುಃಖದಲ್ಲೂ ನನಗೆ ಒಳಗೊಳಗೇ ಸಮಾಧಾನವಾಯಿತು.

ಆಮೇಲೆ ಇಲ್ಲಿಗೆ ಬಂದೆವು. ಪ್ರಾಚಿ ಅವರು ಚಿತ್ರದ ಕಾರ್ಡು ಹಿಡಿದರು. ಆಕಳು, ಲೋಟ, ಮಾವಿನಹಣ್ಣು. ಇವರು ಎಡಗೈಯಿಂದ ಎಲ್ಲವನ್ನೂ ಸರಿಸಿ ಗೋಡೆಯ ಕಡೆ ಮುಖ ತಿರುಗಿಸಿದರು. ಅರವತ್ತು ದಾಟಿದ ಮನುಷ್ಯನಿಗೆ ಆಕಳ ಚಿತ್ರ ತೋರಿಸಿದರೆ ಹೇಗಾಗಬೇಡ? ವಾರಗಟ್ಟಲೆ ಹೀಗೇ ನಡೆಯಿತು. ಕೊನೆಗೆ ಪ್ರಾಚಿ ಅವರು ನನ್ನನ್ನು ಕೇಳಿದರು:

"ಅಕ್ಕಾ, ಅವರು ಮನ್ಯಾಗ ಜಾಸ್ತಿ ಯಾವುದರ ಬಗ್ಗೆ ಮಾತಾಡತಿದ್ರು?"

"ನನ್ನ ಬಗ್ಗೆ ಅಂತೂ ಅಲ್ಲ ರೀ" ಎಂದೆ. "ಡಾಲರ್ ಬಗ್ಗೆ."

"ಹಂಗಾರ ಅದನ್ನ ತಗೊಂಡ ಬರ್ರಿ."

ಲ್ಯಾಪ್‌ಟಾಪ್ ತಂದೆವು. ಪಾರೀಸ ಅವರು ಅದರಲ್ಲಿ ಅಭ್ಯಾಸದ ಖಾತೆ ತೆರೆದುಕೊಟ್ಟರು. ದರ ನಿಜವಾದದ್ದು, ಹಣ ಸುಳ್ಳಿನದು. ಇವರ ಬೆರಳು ಓಡುತ್ತಿರಲಿಲ್ಲವಾದ್ದರಿಂದ ಸೆಟ್ಟಿಂಗು ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಅದರ ಗಂಧವಿಲ್ಲ. ವ್ಯವಹಾರ ನಿಲ್ಲಿಸುವ ಗೆರೆಯನ್ನು ದರಕ್ಕೆ ತೀರ ಹತ್ತಿರ ಇಟ್ಟುಬಿಟ್ಟೆ. ದರ ಚೂರು ಅಲುಗಿದರೂ ಪ್ರೋಗ್ರಾಂ ಹೆದರಿ ಹೊರಬರುತ್ತಿತ್ತು, ಮತ್ತೆ ಒಳಹೋಗುತ್ತಿತ್ತು. ಇವರು ಮೇಜು ಬಡಿದರು. ನಾನು ಇನ್ನೂ ಹತ್ತಿರ ತಂದೆ. ಆಗ ಇವರ ತುಟಿ ಒದ್ದಾಡಿತು. "ದೂರ" ಎಂದರು. "ದೂರ ಇಡು."

ಪ್ರಾಚಿ ಅವರು ಸದ್ದಿಲ್ಲದೆ ನನ್ನ ಭುಜ ಹಿಡಿದುಕೊಂಡರು. ನಾನು ಹೊರಗೆ ಹೋಗಿ ಅತ್ತೆ. ಖುಷಿಗೆ ಅತ್ತೆ, ಮೊದಲ ಮಾತು ನನ್ನ ಹೆಸರಾಗಲಿಲ್ಲವಲ್ಲ ಎಂದೂ ಅತ್ತೆ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ. ಇರಲಿ, ಬಾಯಿಗೆ ಬಂತು.

ಅಲ್ಲಿಂದ ಶಬ್ದಗಳು ಒಂದೊಂದಾಗಿ ಬರತೊಡಗಿದವು. ಹೆಚ್ಚು, ಕಡಿಮಿ, ತಡಿ, ನೋಡು. ಪ್ರಾಚಿ ಅವರು ತಮ್ಮ ಊಟದ ಹೊತ್ತನ್ನೂ ನಮಗೆ ಕೊಟ್ಟರು. ಇವರ ಮಾತು ನಡುವೆ ನಿಂತರೆ ನಾನು ತಟ್ಟನೆ ಶಬ್ದ ಎತ್ತಿಕೊಡುತ್ತಿದ್ದೆ. ಮೇಷ್ಟ್ರಿಕೆಯ ಅಭ್ಯಾಸ. ಇವರು "ಹೂಂ" ಎನ್ನುತ್ತಿದ್ದರು. ನಾನೇ ಅರ್ಧ ಗುಣಪಡಿಸಿದೆ ಎಂಬ ಹೆಮ್ಮೆ ನನಗೆ.

ಈ ನಡುವೆ ನನಗೂ ಆ ಪ್ರೋಗ್ರಾಮಿನ ರುಚಿ ಹತ್ತಿತು. ಹೋದ ವರ್ಷದ ದರಗಳ ಮೇಲೆ ಓಡಿಸಿದೆ, ತಿದ್ದಿದೆ, ಮತ್ತೆ ಓಡಿಸಿದೆ. ಕೊನೆಗೆ ಒಂದು ನಷ್ಟವೂ ಇಲ್ಲದ ಹಾಗೆ ಸೆಟ್ಟಿಂಗು ಕೂತಿತು. ಇವರಿಗೂ ಪ್ರಾಚಿ ಅವರಿಗೂ ತೋರಿಸಿದೆ. ಇವರು ಪರದೆ ನೋಡಿದರು, ನಕ್ಕರು. "ಇದು... ಹೋದ ವರ್ಷದ... ಅಂಗ..." ಎಂದು ನಿಂತರು.

"ಅಂಗಡಿ ಅಂತೀರೇನ್ರಿ? ನಮ್ಮ ಅಂಗಡಿ ಲೆಕ್ಕಾ?" ಎಂದೆ.

ಇವರು ನನ್ನನ್ನು ನೋಡಿ, "ಹೂಂ" ಎಂದರು.

"ಅಕ್ಕಾ, ಸ್ವಲ್ಪ ತಡೀರಿ" ಎಂದರು ಪ್ರಾಚಿ. "ಅವರು ಅದನ್ನ ಹೇಳಾಕತ್ತಿಲ್ಲ."

ಕಾದೆವು. ಹೊರಗೆ ರಸ್ತೆಯ ಸದ್ದು. ಇವರ ಹಣೆಯ ಮೇಲೆ ಬೆವರು. ನನ್ನ ನಾಲಿಗೆ ತುರಿಸುತ್ತಿತ್ತು. ಆಮೇಲೆ ಬಂತು:

"ಅಂಗಿ. ಹೋದ ವರ್ಷದ ಮೈಗೆ... ಅಂಗಿ ಹೊಲದಿ. ಬರೂ ವರ್ಷಕ್ಕ... ಆಗೂದಿಲ್ಲ."

ಸಭಿಕರೇ, ಲಕ್ವ ಹೊಡೆದ ಮೇಲೆ ಇವರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ನಾನು ಹಳೆಯ ದರಗಳಿಗೆ ಎಷ್ಟು ಚೆನ್ನಾಗಿ ಹೊಂದಿಸಿದ್ದೆನೆಂದರೆ, ಹೊಸ ದರ ಬಂದರೆ ಆ ಸೆಟ್ಟಿಂಗು ಕೆಲಸಕ್ಕೆ ಬರುತ್ತಿರಲಿಲ್ಲ. ನಾನು ಅಂಗಡಿ ಎಂದಾಗ ಇವರು ಹೂಂ ಎಂದದ್ದನ್ನೇ ಪ್ರಾಚಿ ಅವರೂ ನಂಬಿಬಿಟ್ಟಿದ್ದರೆ ಈ ಮಾತನ್ನು ಯಾರು ಕೇಳುತ್ತಿದ್ದರು?

ಮನೆಗೆ ಹೋಗುವಾಗ ಆಟೋದಲ್ಲಿ ಕೇಳಿದೆ. "ನಾ ತಪ್ಪು ಶಬ್ದ ಕೊಟ್ಟಾಗೂ ನೀವು ಹಿಂಗ ಹೂಂ ಅಂದದ್ದು ಭಾಳ ಸಲ ಆಗೇತೇನ್ರಿ?"

ಇವರು ಹೊರಗೆ ನೋಡುತ್ತಾ, "ಭಾಳ" ಎಂದರು. ಸಿಟ್ಟಿರಲಿಲ್ಲ. ಎಡಗೈಯಿಂದ ನನ್ನ ಕೈ ಹಿಡಿದುಕೊಂಡರು.

ಈಗ ಪ್ರೋಗ್ರಾಂ ಅಭ್ಯಾಸದ ಖಾತೆಯಲ್ಲೇ ಓಡುತ್ತಿದೆ. ಮತ್ತೆ ನಿಜವಾಗಿ ಶುರು ಮಾಡೋಣವೇ ಎಂದು ಪಾರೀಸ ಅವರು ಕೇಳಿದಾಗ, "ಬ್ಯಾಡ. ಮಾತಾಡಾಕ ಸಾಕು" ಎಂದು ಇವರೇ ಹೇಳಿದರು. ಪ್ರಾಚಿ ಅವರೇ, ನಿಮಗೆ ನಾವು ಹೊದಿಸುವ ಶಾಲು ಬಹಳ ಚಿಕ್ಕದು.

ನನ್ನ ಮಾತು ಮುಗಿಯಿತು. ಪ್ರಾಚಿ ಅವರಿಗೆ ವಂದನೆ ಹೇಳಲು ಈಗ ರಾಮಲಿಂಗ ಅವರು ಮೈಕಿಗೆ ಬರುತ್ತಾರೆ. ಏನು ಹೇಳುತ್ತಾರೋ ನನಗೂ ಗೊತ್ತಿಲ್ಲ. ನಡುವೆ ನಿಂತರೆ ದಯವಿಟ್ಟು ಯಾರೂ ಶಬ್ದ ಕೊಡಬೇಡಿ, ಚಪ್ಪಾಳೆಯನ್ನೂ ತಟ್ಟಬೇಡಿ. ಸುಮ್ಮನೆ ಕಾಯಿರಿ. ನಾನೂ ಕಾಯುತ್ತೇನೆ. ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದ, ಎಲ್ಲರಿಗೂ ನಮಸ್ಕಾರ.

ಬರ್ರಿ, ನಿಧಾನಕ್ಕ ಬರ್ರಿ.